ಜೂನ್ ಎರಡರೊಳಗೆ ಮಾರುತಿ

ಮೇ 6, ಮಂಗಳವಾರ. ಬೆಳಿಗ್ಗೆ 10.20

ಮಾರುತಿ ಕಾರಿನ ಹಿಂದಿನ ಎಡಗಡೆ ಚಕ್ರ ಬಿಚ್ಚಿದ್ದಾಯಿತು. ಬ್ರೇಕಿನ ಡ್ರಮ್ ಮಾತ್ರ ಬರಲು ಒಪ್ಪಲಿಲ್ಲ. ಎರಡು ವರ್ಷದ ತುಕ್ಕು. ಸುತ್ತ ಡೀಸೆಲ್ ಬಿಟ್ಟು, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಮಗಳು ಪುಟ್ಟಿಗೆ ಹಾಲು ಕೊಟ್ಟು ಬರುವಷ್ಟರಲ್ಲಿ ಸಡಿಲವಾಗಿತ್ತು. ಒಳಗೆ ಅಂದುಕೊಂಡ ಹಾಗೇ... ಸಿಲಿಂಡರ್ ಸೋರಿ ಲೈನರ್ ಎಲ್ಲ ಜಿಡ್ಡು.

ಇಂಜಿನ್ ಹೋದ ವಾರವೇ ಸ್ಟಾರ್ಟ್ ಆಗಿದೆ. ಹಳೇ ಪೆಟ್ರೋಲ್ ಇಳಿಸಿ, ಟ್ಯಾಂಕ್ ತೊಳೆದು, ಪ್ಲಗ್ ಬದಲಿಸಿದೆ, ಅಷ್ಟೇ. ಓಡಿಸುವುದು ಸುಲಭ. ನಿಲ್ಲಿಸುವುದೇ ಕೆಲಸ.

ಇನ್ನು ಇಪ್ಪತ್ತೇಳು ದಿನ. ಜೂನ್ ಎರಡಕ್ಕೆ ಕೆ.ಆರ್.ಪೇಟೆಯ ಕಾಲೇಜಿಗೆ ಹಾಜರಾಗದಿದ್ದರೆ ನನ್ನ ಜಾಗಕ್ಕೆ ಬೇರೆಯವರು ಬರುತ್ತಾರೆ. ಪ್ರಿನ್ಸಿಪಾಲ್ ಮೇಡಂ ಫೋನಿನಲ್ಲಿ ಮೃದುವಾಗಿಯೇ ಹೇಳಿದರು. ತೊಣ್ಣೂರಿನಿಂದ ಎರಡು ಬಸ್ಸು, ಎರಡು ಗಂಟೆ. ಪುಟ್ಟಿಗೆ ಐದು ತಿಂಗಳು ತುಂಬಿದೆ. ಬಾಟಲಿ ಬಾಯಿಗಿಟ್ಟರೆ ಉಗಿಯುತ್ತಾಳೆ. ಆದ್ದರಿಂದ ಅವಳು ನನ್ನ ಜೊತೆಗೇ ಬರಬೇಕು, ನೋಡಿಕೊಳ್ಳಲು ಅತ್ತೆಯೂ, ಈ ಮಾರುತಿಯಲ್ಲಿ. ಬೇರೆ ದಾರಿ ಎಲ್ಲ ಯೋಚಿಸಿ ಆಗಿದೆ. ಇಲ್ಲ.

ಕಾರು ಮಾವನದು. ಎರಡು ವರ್ಷದ ಹಿಂದೆ ಬ್ರೇಕ್ ಹಿಡಿಯದೆ ಹುಲ್ಲಿನ ಮೆದೆಗೆ ನುಗ್ಗಿತ್ತಂತೆ. ಅವತ್ತೇ ತಂದು ಟ್ರಾಕ್ಟರ್ ಪಕ್ಕ ಶೆಡ್ಡಿನಲ್ಲಿ ನಿಲ್ಲಿಸಿದವರು ಮತ್ತೆ ಮುಟ್ಟಿಲ್ಲ. ಬೆಳಿಗ್ಗೆ ಜಾಕ್ ಕೊಡುವಾಗ ಒಂದೇ ಮಾತು ಹೇಳಿದರು.

"ರಿಪೇರಿ ಏನಾರ ಮಾಡ್ಕೊ ರಂಜಿತ. ಕೂಸ ಮಾತ್ರ ಅದ್ರಲ್ಲಿ ಕೂರುಸ್ಬ್ಯಾಡ ಕಣವ್ವ."

ಡಿಪ್ಲೊಮಾದವರಿಗೆ ಬ್ರೇಕ್ ಪಾಠ ಮಾಡುವವಳು ನಾನು. ಕೂರಿಸುತ್ತೇನೆ.

ಮೇ 9, ಶುಕ್ರವಾರ. ಮಧ್ಯಾಹ್ನ 1.10

ಹೊಸ ರಬ್ಬರ್ ಕಪ್, ಹೊಸ ಲೈನರ್. ಇವತ್ತು ಬ್ರೇಕಿನ ಪೈಪಿನಿಂದ ಗಾಳಿ ತೆಗೆಯುವುದಿತ್ತು. ಒಬ್ಬರು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹಿಂದಿನ ಸ್ಕ್ರೂ ಸಡಿಲಿಸಿ ಬಿಗಿಯಬೇಕು. ಅತ್ತೆಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಪುಟ್ಟಿ ತೊಲೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ.

ಮೊದಲು ಅತ್ತೆ ಟಪಟಪ ತುಳಿದರು. ನಾನು ಬಿಗಿಯುವ ಮೊದಲೇ ಕಾಲು ತೆಗೆದರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ ಅಂದೆ. ಮೂರು ಸಲ ಕೆಟ್ಟಿತು. ನಾಲ್ಕನೇ ಸಲಕ್ಕೆ ತಾವೇ ಅರ್ಥ ಮಾಡಿಕೊಂಡರು.

"ಅಸ ಸೊರ ಬುಡೋಗಂಟ ಕಾಯಲ್ವಾ, ಅಂಗೆ ತಾನೆ? ನೀ ಬುಡು ಅಂದಾಗ ಬುಡ್ತೀನಿ."

ಆಮೇಲೆ ಒಂದು ಸಲವೂ ತಪ್ಪಲಿಲ್ಲ. ಹಸು ಹಾಲಿಳಿಸುವವರೆಗೆ ಕಾಯುತ್ತಾ ನಲವತ್ತು ವರ್ಷ ಹಾಲು ಕರೆದವರ ತಾಳ್ಮೆ. ಮೊದಲು ಗುಳ್ಳೆ, ಆಮೇಲೆ ತಿಳಿ ಆಯಿಲ್. ಎಷ್ಟು ಚಕ್ರಕ್ಕೆ ಹೀಗೆ ಅಂತ ಕೇಳಿದರು. ನಾಲ್ಕಕ್ಕೂ ಅಂದೆ.

"ಅಸೀಗೂ ನಾಕು ಮೊಲೆ, ಇದ್ಕೂ ನಾಕೇ. ಸರಿ ಬುಡು."

ಪೆಡಲ್ ಈಗ ಕಲ್ಲಿನ ಹಾಗೆ ನಿಲ್ಲುತ್ತದೆ.

ಮೇ 15, ಗುರುವಾರ. ಸಂಜೆ 5.45

ಓಡಿತು! ಅಂಗಳದಿಂದ ಬೀದಿ, ಬೀದಿಯಿಂದ ದೇವಸ್ಥಾನ, ವಾಪಸ್. ಬೇಕೆಂದೇ ಐದು ಕಡೆ ಬ್ರೇಕ್ ಹಾಕಿದೆ. ಐದೂ ಕಡೆ ನೆಟ್ಟಗೆ ನಿಂತಿತು, ಎಡಕ್ಕೂ ಎಳೆಯಲಿಲ್ಲ ಬಲಕ್ಕೂ ಎಳೆಯಲಿಲ್ಲ.

ಮಾವ ಗೇಟಿನ ಹತ್ತಿರ ಕೈಕಟ್ಟಿ ನಿಂತಿದ್ದರು. ಚೆನ್ನಾಗಿದೆ ಅನ್ನಲಿಲ್ಲ. ಬಾನೆಟ್ ಎತ್ತಿಸಿ, ಬ್ರೇಕಿನ ಆಯಿಲ್ ಎಲ್ಲಿರುತ್ತೆ ಅಂತ ಕೇಳಿದರು. ಬಿಳಿ ಡಬ್ಬಿ ತೋರಿಸಿದೆ. ಮೇಲಿನ ಗೆರೆಗಿಂತ ಸ್ವಲ್ಪ ಕೆಳಗಿದೆ, ಅಷ್ಟಿದ್ದರೆ ಸಾಕು ಅಂದೆ. ಕೇಳಿಸಿಕೊಂಡರು.

ರಾತ್ರಿ ಐದು ಸಲ ಎದ್ದಿದ್ದೆ. ಮೂರು ಸಲ ಪುಟ್ಟಿ ಎಬ್ಬಿಸಿದ್ದು. ಎರಡು ಸಲ ಅವಳು ಉಸಿರಾಡುತ್ತಿದ್ದಾಳಾ ಅಂತ ನೋಡಲು ನಾನೇ ಎದ್ದದ್ದು. ಆದರೂ ಇವತ್ತು ಒಂದು ಗೇರೂ ತಪ್ಪಲಿಲ್ಲ.

ಮೇ 18, ಭಾನುವಾರ. ಸಂಜೆ 6.30

ಎರಡು ದಿನ ಮಳೆ, ಕಾರು ತೆಗೆಯಲಿಲ್ಲ. ಇವತ್ತು ದೇವರಾಜು ನಾಗಮಂಗಲದಿಂದ ಬಂದಿದ್ದರು. ಲೈನ್‌ಮನ್ ಕೆಲಸ, ಮನೆಗೆ ಬರುವುದು ಭಾನುವಾರ ಮಾತ್ರ. ಗಂಡನಿಗೆ ತೋರಿಸಬೇಕು ಅನ್ನುವ ಉತ್ಸಾಹ ನನಗೆ. ಕೆರೆ ಏರಿಯವರೆಗೆ ಕರೆದುಕೊಂಡು ಹೋದೆ.

ಬರುವಾಗ ಕಾರು ಭಾರವಾಯಿತು. ಆಕ್ಸಲರೇಟರ್ ಒತ್ತಿದರೂ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ. ಸುಟ್ಟ ವಾಸನೆ. ಇಳಿದು ನೋಡಿದರೆ ಮುಂದಿನ ಚಕ್ರಗಳಿಂದ ಹೊಗೆ. ಮುಟ್ಟಿದೆ, ಬೆರಳು ಚುರ್ ಅಂದಿತು. ಪೆಡಲಿನಿಂದ ಕಾಲು ತೆಗೆದರೂ ಬ್ರೇಕ್ ಬಿಡುತ್ತಲೇ ಇಲ್ಲ.

ತಣ್ಣಗಾಗುವವರೆಗೆ ರಸ್ತೆ ಬದಿಯಲ್ಲಿ ಕೂತೆವು. ದೇವರಾಜು ರೇಗಲಿಲ್ಲ. ರೇಗಿದ್ದರೆ ಜಗಳವಾಡಬಹುದಿತ್ತು.

"ನಿಂಗೆ ಗೊತ್ತು, ಒಪ್ತೀನಿ. ಇವಾಗ ಪುಟ್ಟೀನ ಕೂರುಸ್ತೀಯಾ ಇದ್ರಲ್ಲಿ? ಯೋಳು."

ಎದ್ದು ಹೋಗಿ ಚಕ್ರ ಮುಟ್ಟಿ ನೋಡಿದೆ. ಇನ್ನೂ ಬಿಸಿ.

ಮೇ 24, ಶನಿವಾರ. ಮಧ್ಯಾಹ್ನ 3.00

ಮೂರು ಸಲ ಬಿಚ್ಚಿದೆ, ಮೂರು ಸಲ ಜೋಡಿಸಿದೆ. ಅದೇ ಕಥೆ. ನಿದ್ದೆಗಣ್ಣಿನಲ್ಲಿ ಏನೋ ತಿರುಗಾಮುರುಗಾ ಹಾಕಿದ್ದೇನೆ, ಅದು ನನಗೇ ಕಾಣುತ್ತಿಲ್ಲ ಅನ್ನಿಸಿತು. ಗುರುವಾರ ಮೇಡಂಗೆ ಮೆಸೇಜ್ ಟೈಪ್ ಮಾಡಿದೆ, ಬರಲು ಆಗುವುದಿಲ್ಲ ಅಂತ. ಕಳಿಸಲಿಲ್ಲ. ಅಳಿಸಲೂ ಇಲ್ಲ.

ಇವತ್ತು ಬೆಳಿಗ್ಗೆ ಪೆಡಲಿನ ಮುಂದಿನ ಮಾಸ್ಟರ್ ಸಿಲಿಂಡರನ್ನು ಆಯಿಲ್ ಡಬ್ಬಿ ಸಮೇತ ಬಿಚ್ಚಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಪುಟ್ಟಿಯ ಬಟ್ಟೆ ಚೀಲದಲ್ಲಿಟ್ಟುಕೊಂಡು ಪಾಂಡವಪುರದ ಬಸ್ಸು ಹತ್ತಿದೆ. ಸೋಮಯ್ಯನವರ ಗ್ಯಾರೇಜು. ಹಳೇ ಕಾರುಗಳ ವಿಷಯದಲ್ಲಿ ಅವರ ಮಾತೇ ಮಾತು.

ಅವರು ಡಬ್ಬಿಯ ತಳದ ಆಯಿಲ್ ಬೆರಳಿಗೆ ಸವರಿ ಮೂಸಿದರು. ಒಂದು ಲೋಟ ನೀರು ತಂದು ನಾಲ್ಕು ಹನಿ ಬಿಟ್ಟರು. ಅರ್ಧ ನೀರಿನಲ್ಲಿ ಕರಗಿತು. ಉಳಿದದ್ದು ತೇಲಿತು. ಬ್ರೇಕ್ ಆಯಿಲ್ ನೀರಿನಲ್ಲಿ ತೇಲುವುದಿಲ್ಲ. ಇದನ್ನು ನಾನೇ ಕ್ಲಾಸಿನಲ್ಲಿ ಹೇಳುತ್ತೇನೆ...

"ಇದ್ಕೆ ಯಾರೋ ಟ್ರಾಕ್ಟರ್ ಆಯಿಲ್ ಬೆರ್ಸವ್ರೆ ಕಣವ್ವ. ರಬ್ಬರೆಲ್ಲ ಊದ್ಕಂಡು ಕಚ್ಚಾಕ್ಕಂಡದೆ. ನಿನ್ ಕೈಕೆಲ್ಸ ಸರ್ಯಾಗದೆ."

ಕೊನೆಯ ಮಾತು ಇನ್ನೊಂದು ಸಲ ಹೇಳಿಸಿಕೊಳ್ಳಬೇಕು ಅನ್ನಿಸಿತು. ಕೇಳಲಿಲ್ಲ. ಬಸ್ಸಿನಲ್ಲಿ ಕೂತು ಮೆಸೇಜ್ ಅಳಿಸಿದೆ.

ಅದೇ ದಿನ, ರಾತ್ರಿ 8.00

ಊಟಕ್ಕೆ ಕೂತಾಗ ಯಾರ ಮುಖವನ್ನೂ ನೋಡದೆ ವಿಷಯ ಹೇಳಿದೆ. ಮಾವನ ಕೈ ಮುದ್ದೆಯ ಮೇಲೇ ನಿಂತಿತು.

"ನಾನೇ ಕಣವ್ವ ಉಯ್ದದ್ದು. ಅವತ್ತು ನೀ ಓಡ್ಸಿದ್ದ ರಾತ್ರಿ. ಟ್ರಾಕ್ಟರ್‌ಗೆ ಗೇರ್‌ಗೂ ಅದೇ, ಬ್ರೇಕ್‌ಗೂ ಅದೇ ಅಲ್ವಾ. ಗೆರೆಗೆ ಒಸಿ ಕಮ್ಮಿ ಇತ್ತು. ಕೂಸು ಓಗೋ ಗಾಡಿ... ತುಂಬ್ಸಿದ್ರೆ ಒಳ್ಳೇದು ಅನ್ಕಂಡೆ."

ಅತ್ತೆ ತಿರುಗಿ ಕೂತು, ಕೇಳಿ ಮಾಡಿದ್ರೆ ನಿಮ್ ಗಂಟೇನ್ ಓಗದು ಅಂತ ಶುರುಮಾಡಿದರು. ಮಾವ ತಲೆ ಎತ್ತಲಿಲ್ಲ.

ನನಗೂ ಕೋಪ ಬಂತು. ಒಂಬತ್ತು ದಿನ. ಜೂನ್ ಎರಡಕ್ಕೆ ಉಳಿದಿರುವುದೇ ಒಂಬತ್ತು ದಿನ. ಆದರೆ ಕೂಸನ್ನು ಕೂರಿಸಬೇಡ ಅಂದವರು ಕೂಸಿಗೆಂದೇ ಕತ್ತಲಲ್ಲಿ ಹೋಗಿ ಬಾನೆಟ್ ಎತ್ತಿದ್ದಾರೆ. ಟ್ರಾಕ್ಟರಿಗೆ ನಿಜವಾಗಿಯೂ ಎರಡಕ್ಕೂ ಅದೇ ಆಯಿಲ್. ಡಬ್ಬಿ ತೋರಿಸಿದವಳು ಯಾವ ಆಯಿಲ್ ಅಂತ ಹೇಳಲಿಲ್ಲವಲ್ಲ.

"ಮಾವ, ಬೆಳಿಗ್ಗೆ ಶೆಡ್ಡಿಗೆ ಬನ್ನಿ. ಎಲ್ಲಾ ರಬ್ಬರೂ ಬದಲಾಯಿಸ್ಬೇಕು. ಒಬ್ಬಳ ಕೈಲಿ ಆಗಲ್ಲ."

ಮುದ್ದೆ ಮುರಿದರು.

ಮೇ 25, ಭಾನುವಾರ. ಸಂಜೆ 4.15

ಮಾಸ್ಟರ್ ಸಿಲಿಂಡರಿನ ರಬ್ಬರು, ಮುಂದಿನ ಚಕ್ರಗಳ ರಬ್ಬರು ಎರಡು, ಹಿಂದಿನವು ಎರಡು, ಮೂರು ರಬ್ಬರ್ ಪೈಪು. ಸೋಮಯ್ಯನವರು ಎಲ್ಲವನ್ನೂ ನಿನ್ನೆಯೇ ಹೊಂದಿಸಿ ಕೊಟ್ಟಿದ್ದರು. ದೇವರಾಜುಗೆ ಇವತ್ತು ಡ್ಯೂಟಿ, ಬರಲಿಲ್ಲ. ಮಾವ ಒಂದೊಂದನ್ನೂ ಬಿಚ್ಚಿ ಪೇಪರಿನ ಮೇಲೆ ಹಳೆಯದರ ಪಕ್ಕ ಹೊಸದು ಇಟ್ಟುಕೊಂಡು ಬಂದರು. ಹಳೆಯವು ನೆನೆಹಾಕಿದ ಅವರೆಕಾಳಿನ ಹಾಗೆ ಊದಿದ್ದವು. ಒಂದನ್ನು ಎತ್ತಿ ಬೆರಳಲ್ಲಿ ಅದುಮಿ ನೋಡಿದರು.

ಪೈಪು ಎರಡು ಸಲ ಹೊಸ ಬ್ರೇಕ್ ಆಯಿಲಿನಲ್ಲೇ ತೊಳೆದೆವು. ಗಾಳಿ ತೆಗೆಯುವ ಹೊತ್ತಿಗೆ ಮಾವ ಪೆಡಲ್ ತುಳಿಯಲು ಕೂತರು. ಅತ್ತೆ ಅವರನ್ನು ಎಬ್ಬಿಸಿ ತಾವು ಕೂತರು.

ಮೇ 30, ಶುಕ್ರವಾರ. ಬೆಳಿಗ್ಗೆ 11.00

ಚಿನಕುರಳಿಯವರೆಗೆ ಹೋಗಿ ಬರುವುದು, ಇದು ನಾಲ್ಕನೇ ಸಲ. ಪ್ರತಿ ಸಲವೂ ಇಳಿದು ನಾಲ್ಕೂ ಚಕ್ರ ಮುಟ್ಟಿದೆ. ಸ್ವಲ್ಪ ಬೆಚ್ಚಗೆ, ಇರಬೇಕಾದಷ್ಟೇ.

ಮಾವ ಮುಂದಿನ ಸೀಟಿನಲ್ಲಿದ್ದರು. ಮನೆ ಹತ್ತಿರ ಬಂದಾಗ, ಕೇಳದೆಯೇ...

"ಅಸೀನ ಬುಟ್ಟು ನಿಮ್ಮತ್ತೆ ಎಲ್ ಬತ್ತಾಳೆ. ನಾನೇ ಬತ್ತೀನಿ, ಕೂಸ ಎತ್ಕಂಡು."

ಎಷ್ಟು ದಿನ ಅಂತ ಕೇಳಿದೆ. ಅದು ಬಾಟ್ಲಿ ಕುಡಿಯೋಗಂಟ ಅಂದರು.

ಜೂನ್ 2, ಸೋಮವಾರ. ಬೆಳಿಗ್ಗೆ 11.25. ಕಾಲೇಜಿನ ಬೇವಿನ ಮರದ ಕೆಳಗೆ, ಕಾರಿನಲ್ಲಿ

ಏಳೂವರೆಗೆ ಹೊರಟೆವು. ಮಾವ, ಪುಟ್ಟಿ ಹಿಂದೆ. ಚಿನಕುರಳಿ ದಾಟಿ ತಿರುವಿನಲ್ಲಿ ಒಮ್ಮೆಲೇ ರಸ್ತೆ ತುಂಬ ಕುರಿ. ಬ್ರೇಕ್ ಒತ್ತಿದೆ. ಮೊದಲ ಕುರಿಗೆ ಎರಡು ಮಾರು ಇರುವಾಗಲೇ ನಿಂತಿತು. ಹಿಂದೆ ತಿರುಗಿ ನೋಡಿದೆ. ಪುಟ್ಟಿ ನಿದ್ದೆಯಲ್ಲೇ ಇದ್ದಳು. ಮಾವನೂ ಕಾಲು ಅದುಮಿ ಹಿಡಿದಿದ್ದರು.

"ನಿಂತ್ಕತು" ಅಂದರು, ಮೆಲ್ಲಗೆ, ಪುಟ್ಟಿಗೆ.

ಎಂಟೂ ಇಪ್ಪತ್ತಕ್ಕೆ ಕಾಲೇಜು. ಸಹಿ ಹಾಕಿದೆ. ಎರಡು ಕ್ಲಾಸು ಮುಗಿಸಿ ಕೆಳಗೆ ಬಂದಾಗ ಪುಟ್ಟಿ ಅಳಲು ಇನ್ನೇನು ಬಾಯಿ ತೆರೆದಿದ್ದಳು. ಹಿಂದಿನ ಸೀಟಿನಲ್ಲೇ ಕೂತು ಹಾಲು ಕೊಟ್ಟೆ. ಕುಡಿದು ಮಲಗಿದಳು. ಮಾವ ಟವೆಲ್ ಹಾಸಿಕೊಂಡು ಮರದ ಬುಡದಲ್ಲಿ ಕೂತಿದ್ದಾರೆ. ಮುಂದಿನ ಕ್ಲಾಸು ಹನ್ನೆರಡಕ್ಕೆ. ಟೈಮಾದಾಗ ಎಬ್ಬಿಸುತ್ತೇನೆ, ನೀನೂ ಒಸಿ ಒರಗು ಅಂದರು.

ನಾನು ಮಲಗುವುದಿಲ್ಲ. ಸುಮ್ಮನೆ ಕಣ್ಣು ಮುಚ್ಚುತ್ತೇನೆ, ಐದೇ ನಿಮಿಷ. ಅವಳ ಉಸಿರು ಕೇಳಿಸುತ್ತಿದೆ. ಎದ್ದು ನೋಡಬೇಕಾಗಿಲ್ಲ. ಗಾಳಿ ಚೆನ್ನಾಗಿದೆ. ಪೆನ್ನು ಜಾರುತ್ತಿದೆ. ಸಂಜೆ ಹೊರಡುವ ಮೊದಲು ಇನ್ನೊಂದು ಸಲ ಚಕ್ರ ಮುಟ್ಟಿ ನೋ...