ಈ ಸಲ ಗರಿಗಳ ಭಾನುವಾರ ಹದಿಮೂರಕ್ಕೆ

ಮಾರ್ಚ್ 5, 2025
ವಿಭೂತಿ ಬುಧವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಭಾವನ ಮಂಡಿನೋವು ಹೇಗಿದೆ? ನಾವೆಲ್ಲ ಚೆನ್ನಾಗಿದ್ದೇವೆ. ಕಾಗದ ತಡವಾಯಿತು, ಕ್ಷಮಿಸು ಎನ್ನೋಣವೆಂದರೆ ಮೂರು ವರ್ಷಕ್ಕೆ ‘ತಡ’ ಎಂಬ ಮಾತು ಸಾಲದು. ಆದರೂ ಅಂದುಬಿಟ್ಟಿದ್ದೇನೆ, ಇಟ್ಟುಕೋ.

ಇದು ನನ್ನ ಕೈಬರಹವಲ್ಲ ಎಂದು ನಿನಗೆ ಆಗಲೇ ಗೊತ್ತಾಗಿರುತ್ತದೆ, ಸಾಲು ನೆಟ್ಟಗಿದೆಯಲ್ಲ! ನನಗೆ ಬರೆಯಲು ಕೂತರೆ ಮಾತು ಬರುವುದಿಲ್ಲ, ಕತ್ತರಿ ಹಿಡಿದು ನಿಂತರೆ ಮಾತು ನಿಲ್ಲುವುದಿಲ್ಲ. ನಿನಗೋ ಕಿವಿ ಮಂದವಾಗಿದೆಯಂತೆ, ಫೋನು ಮಾಡಿ ಪ್ರಯೋಜನವಿಲ್ಲ. ಅದಕ್ಕೆ ಅಂಗಡಿಯಲ್ಲಿ ಕೆಲಸ ಮಾಡುತ್ತಲೇ ಫೋನಿಗೆ ಹೇಳಿ ಕಳಿಸುತ್ತೇನೆ, ಮಗಳು ಮನೆಯಲ್ಲಿ ಕೂತು ಕೇಳಿ, ತಿದ್ದಿ ಬರೆಯುತ್ತಾಳೆ. (ಅತ್ತೆ, ಹನ್ನೊಂದು ತುಣುಕು ಕಳಿಸಿದ್ದಾರೆ. ಅರ್ಧಕ್ಕರ್ಧ ಹೊಲಿಗೆ ಯಂತ್ರದ ಸದ್ದು. ಅದನ್ನು ಬಿಟ್ಟಿದ್ದೇನೆ.)

ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಅಪ್ಪನ ಕಾಲದ ಉದ್ದ ಮೇಜು ಅದೇ, ಗಿರಾಕಿಗಳು ಮಾತ್ರ ಹೊಸಬರು. ಚರ್ಚಿನ ಗುರುಗಳ ಪೂಜಾವಸ್ತ್ರ ಹೊಲಿಯುವವರು ಈ ಸುತ್ತಮುತ್ತ ನಾನೊಬ್ಬನೇ ಉಳಿದಿದ್ದೇನೆ. ಇಂದಿನಿಂದ ತಪಸ್ಸುಕಾಲವಾದ್ದರಿಂದ ನೇರಳೆ ಬಟ್ಟೆಯೆಲ್ಲ ನಿನ್ನೆಗೇ ಹೋಯಿತು. ಈಗ ಮೇಜಿನ ಮೇಲೆ ಗರಿಗಳ ಭಾನುವಾರದ ಕೆಂಪು. ಅದರ ಮುಂದಿನ ವಾರವೇ ಪಾಸ್ಖ ಹಬ್ಬದ (ಈಗಿನವರ ಬಾಯಲ್ಲಿ ಈಸ್ಟರ್) ಬಿಳಿ, ಪೆಂತೆಕೋಸ್ತ ಹಬ್ಬಕ್ಕೆ ಮತ್ತೆ ಕೆಂಪು, ಆಮೇಲೆ ತಿಂಗಳುಗಟ್ಟಲೆ ಹಸಿರು. ಹಸಿರು ಅಂದರೆ ನನಗೆ ರಜೆ. ಕ್ರಿಸ್ಮಸ್ ಬಂತೆಂದರೆ ಊಟ ನಿಂತುಕೊಂಡೇ. ನಮ್ಮ ಮನೆಯಲ್ಲಿ ಯಾರ ಹುಟ್ಟಿದ ತಾರೀಖೂ ಯಾರಿಗೂ ಗೊತ್ತಿರಲಿಲ್ಲ, ನೆನಪಿದೆಯಾ? “ನೀನು ಪಾಸ್ಖದ ಬಿಳಿ ಹೊಲಿಯುವಾಗ ಹುಟ್ಟಿದ್ದು” ಎಂದು ಅಪ್ಪ ಹೇಳಿದರೆ ಮುಗಿಯಿತು. ನೀನೊಬ್ಬಳೇ ಶಾಲೆಗೆ ಸೇರಿ, ಮೇಷ್ಟ್ರಮ್ಮನೂ ಆಗಿ, ಹಾಜರಿ ಪುಸ್ತಕದ ಲೆಕ್ಕಕ್ಕೆ ಹೊರಟುಹೋದೆ.

ನಿನ್ನೆ ಒಬ್ಬರು ಚಿಕ್ಕ ವಯಸ್ಸಿನ ಗುರುಗಳು ನೇರಳೆ ನಿಲುವಂಗಿ ಹಾಕಿ ನೋಡಿ, “ಮಾಸ್ಟ್ರೇ, ಹೊಟ್ಟೆ ಹತ್ರ ಸ್ವಲ್ಪ ಬಿಗಿ ಆಯ್ತಲ್ಲ, ಸಡಿಲ ಮಾಡ್ಕೊಡಿ” ಅಂದರು. “ನಾಳೆಯಿಂದ ನಲವತ್ತು ದಿನ ಉಪವಾಸ ಅಲ್ವಾ ಗುರುಗಳೇ? ತಾನಾಗೇ ಸಡಿಲ ಆಗುತ್ತೆ ಬಿಡಿ” ಅಂದೆ. ಅವರು ನಕ್ಕು, “ಹಾಗಾದ್ರೆ ಪಾಸ್ಖದ ಬಿಳಿ ಬಟ್ಟೆಗೆ ಈಗ್ಲೇ ಅಳತೆ ತಗೋಬೇಡಿ” ಅಂದರು. ನನ್ನವಳು ಒಳಗಿನಿಂದ, “ಮೊದಲು ತಮ್ಮ ಹೊಟ್ಟೆ ಅಳತೆ ತಗೊಳ್ಳೋಕೆ ಇವರಿಗೆ ಹೇಳಿ ಗುರುಗಳೇ” ಅಂದಳು. ಅವಳು ಹಾಗೇ ಇದ್ದಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಸಮಾಧಿ ತೋಟದ ಕಾವಲುಗಾರ ಹರಿದ ಜೇಬು ಹೊಲಿಸಲು ಬಂದ. ಕೂತವನು ಸುಮ್ಮನಿರಲಿಲ್ಲ.

“ನಿಮ್ಮಮ್ಮ ಪುಣ್ಯವಂತೆ ಕಣ್ರೀ. ವರ್ಷಕ್ಕೆ ಎರಡು ಸಲ ಹೂವು. ಉಳಿದವರಿಗೆ ಒಂದಕ್ಕೇ ಗತಿಯಿಲ್ಲ.”

“ಎರಡೆಲ್ಲಿಂದ? ನಾನು ಗರಿಗಳ ಭಾನುವಾರ ಒಂದೇ ಸಲ ಬರೋದು.”

“ನೀವು ಹಬ್ಬದ ದಿನ. ಅಕ್ಕನವರು ಏಪ್ರಿಲ್ ಹದಿಮೂರಕ್ಕೆ. ಬೆಳಗ್ಗೆ ಮೊದಲನೇ ಬಸ್ಸಿಗೆ ಬರ್ತಾರೆ, ಒಂದು ಗಂಟೆ ಕೂತಿದ್ದು ಹೋಗ್ತಾರೆ.”

“ನಾನು ಹಚ್ಚಿದ ಮೇಣದಬತ್ತಿ ಗುರುತಾದರೂ ಅವಳಿಗೆ ಕಾಣಲ್ವಾ?”

“ಕಲ್ಲಿನ ಮೇಲೆ ಮೇಣ ಬಿಟ್ರೆ ಕಲ್ಲು ಕೆಡುತ್ತೆ ಅಂತ ಮಾರನೇ ದಿನವೇ ಕೆರೆದು ಹಾಕ್ತೀನಿ. ಹೂವೂ ಅಷ್ಟೇ, ಗುಡಿಸಿಬಿಡ್ತೀನಿ. ನನ್ನ ಕೆಲಸ ಅಂದ್ರೆ ಕೆಲಸ!”

ಆಗ ನನಗೆ ಲೆಕ್ಕ ಸಿಕ್ಕಿತು ಅಕ್ಕಾ. ಅಮ್ಮ ತೀರಿಕೊಂಡದ್ದು ಗರಿಗಳ ಭಾನುವಾರ. ಆ ವರ್ಷ ಅದು ಏಪ್ರಿಲ್ ಹದಿಮೂರಕ್ಕೆ ಬಿದ್ದಿತ್ತು. ನಾನು ಹಬ್ಬ ಹಿಡಿದುಕೊಂಡೆ, ನೀನು ತಾರೀಖು ಹಿಡಿದುಕೊಂಡೆ. ಹಬ್ಬ ಪ್ರತಿ ವರ್ಷ ಹಿಂದೆ ಮುಂದೆ ಸರಿಯಿತು, ತಾರೀಖು ಅಲ್ಲೇ ನಿಂತಿತು. ಮೂರು ವರ್ಷದ ಹಿಂದೆ ಆ ಮದುವೆಮನೆಯಲ್ಲಿ ನೆಂಟರೆಲ್ಲರ ಮುಂದೆ ನೀನು, “ಊರಲ್ಲೇ ಇದ್ದೀಯ, ಅಮ್ಮನ ಮುಂದೆ ಒಂದು ಬತ್ತಿ ಹಚ್ಚೋಕೆ ನಿನಗೆ ಆಗಲ್ವಾ?” ಅಂದಾಗ ನನಗೆ ಉರಿದುಹೋಯಿತು. “ಹನ್ನೆರಡು ತಿಂಗಳು ಕಾಣದವಳು ನನಗೆ ಬುದ್ಧಿ ಹೇಳ್ತೀಯಾ?” ಎಂದು ನಾನೂ ಅಂದೆ. ಅಲ್ಲಿಗೆ ಮಾತು ಬಿಟ್ಟೆವು. ಕಾವಲುಗಾರ ಸ್ವಲ್ಪ ಸೋಮಾರಿಯಾಗಿದ್ದಿದ್ದರೆ ಆ ಜಗಳವೇ ಆಗುತ್ತಿರಲಿಲ್ಲ ನೋಡು.

ಅಂಗಡಿಯ ಗೋಡೆಯ ಕ್ಯಾಲೆಂಡರ್ ತಿರುವಿದೆ. ಈ ವರ್ಷ ಗರಿಗಳ ಭಾನುವಾರ ಏಪ್ರಿಲ್ ಹದಿಮೂರು! ಹಳೆಯ ಕ್ಯಾಲೆಂಡರುಗಳನ್ನೂ ಇಳಿಸಿ ನೋಡಿದೆ. ಅಮ್ಮ ಹೋದ ಮೇಲೆ ಹನ್ನೊಂದು ವರ್ಷದಲ್ಲಿ ಇದೇ ಮೊದಲು. ಇನ್ನು ನಾವು ತಪ್ಪಿಸಿಕೊಳ್ಳಬೇಕೆಂದರೂ ದಾರಿಯಿಲ್ಲ. ಒಬ್ಬರಿಗೊಬ್ಬರು ಎದುರಾಗಿ ಬೆಪ್ಪರ ಹಾಗೆ ನಿಲ್ಲುವ ಬದಲು ಮೊದಲೇ ಹೇಳಿಕೊಂಡು ಬರೋಣ ಅಂತ ಈ ಕಾಗದ. ಹಿಂದಿನ ದಿನವೇ ಬಾ. ಭಾವನನ್ನೂ ಕರೆದುಕೊಂಡು ಬಾ. ಮೆಟ್ಟಿಲಿಗೆ ಹಿಡಿಕೆ ಹಾಕಿಸಿದ್ದೇನೆ, ಅವರ ಮಂಡಿಗೆ ಅನುಕೂಲ. ನನ್ನವಳು ಆಗಲೇ ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ. ಇನ್ನೂ ಐದು ವಾರವಿದೆ ಕಣೇ ಅಂದರೆ ಕೇಳುವುದಿಲ್ಲ. ನೀನು ಬರುತ್ತೀ ಎಂದು ಅವಳಿಗೆ ಅನುಮಾನವೇ ಇಲ್ಲ. ನನಗೂ ಇಲ್ಲ.

ದೇವರು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ. ದೊಡ್ಡವಳು ನೀನು, ನಮ್ಮ ಮೇಲೆ ನಿನ್ನ ಆಶೀರ್ವಾದ ಇರಲಿ.

ನಿನ್ನ ತಮ್ಮ

ಕೊನೆಗೊಂದು ಮಾತು: ಇದು ನನ್ನದೇ ಅಕ್ಷರ. ಮಗಳು ಕಾಗದ ಕೊಟ್ಟು ಹೋದ ಮೇಲೆ ಬರೆಯುತ್ತಿದ್ದೇನೆ, ಅವಳ ಕಿವಿಗೆ ಇದು ಬೇಡ.

ಕಾವಲುಗಾರ ನೀನು ಬರುವ ದಿನ ಹೇಳಿದ್ದು ಮೊನ್ನೆಯಲ್ಲ. ಅಮ್ಮ ಹೋದ ಎರಡನೇ ವರ್ಷವೇ ಹೇಳಿದ್ದ. ಗೊತ್ತಿದ್ದೇ ನಾನು ಹಬ್ಬದ ದಿನ ಹಿಡಿದುಕೊಂಡೆ. ನಿನ್ನ ಎದುರು ನಿಲ್ಲುವ ಧೈರ್ಯ ಇರಲಿಲ್ಲ.

ಅಮ್ಮ ಒಂದೇ ದಿನದಲ್ಲಿ ಹೋದಳು ಎಂದು ನಿನಗೆ ಹೇಳಿದೆ. ಸುಳ್ಳು. ಆ ವರ್ಷದ ವಿಭೂತಿ ಬುಧವಾರವೇ ಅವಳು ಮಲಗಿದಳು, ಅವತ್ತೇ “ಅಕ್ಕನ್ನ ಕರೆಸೋ” ಅಂದಳು. ಆಗ ಮೇಜಿನ ಮೇಲೆ ಹದಿನಾಲ್ಕು ಕೆಂಪು ನಿಲುವಂಗಿ ಇದ್ದವು. ನೀನು ಬಂದರೆ ಆಸ್ಪತ್ರೆ, ಓಡಾಟ ಎಂದು ನನ್ನನ್ನು ಅಂಗಡಿಯಿಂದ ಎಬ್ಬಿಸುತ್ತೀ ಅಂತ ಸುಮ್ಮನಿದ್ದೆ. “ಹಬ್ಬಕ್ಕೆ ಬರ್ತಾಳಮ್ಮ” ಅಂದೆ. ಮೂವತ್ತೊಂಬತ್ತು ದಿನ ಅದನ್ನೇ ಅಂದೆ. ಕೊನೆಯ ಬೆಳಗ್ಗೆ ಗರಿ ಹಿಡಿದವರು ಹಾಡಿಕೊಂಡು ನಮ್ಮ ಬೀದಿಯಲ್ಲಿ ಹೋದರು. ಅಮ್ಮ ಕಣ್ಣು ಬಿಟ್ಟು, “ಹಬ್ಬ ಬಂತಲ್ಲೋ, ಅವಳೆಲ್ಲಿ?” ಅಂದಳು. “ಬಸ್ಸಲ್ಲಿದ್ದಾಳೆ” ಅಂದೆ. ಅಮ್ಮ ಬಾಗಿಲ ಕಡೆ ತಿರುಗಿ ಮಲಗಿದಳು. ಹಾಗೇ ಹೋದಳು.

ಇದನ್ನು ಓದಿದ ಮೇಲೂ ಬರುವುದಾದರೆ ಬಾ ಅಕ್ಕಾ. ನನ್ನ ಮುಖ ನೋಡುವುದು ಬೇಡ ಅನ್ನಿಸಿದರೆ ಒಂದು ಸಾಲು ಬರೆ. ಹದಿಮೂರನೇ ತಾರೀಖು ನಾನು ಸಮಾಧಿಯ ಕಡೆ ಬರದೆ ಮನೆಯಲ್ಲೇ ಇರುತ್ತೇನೆ. ಆ ದಿನ ಅಮ್ಮ ಕಾದದ್ದು ನಿನ್ನನ್ನು.