ಊಟದ ಮೇಜಿನ ವಿಜಯಂತ

ನವೆಂಬರ್ 2, ಭಾನುವಾರ. ಬೆಳಿಗ್ಗೆ 11

ಎರಡನೇ ಸಲ ಕಾಫಿ ಕೊಟ್ಟು ಬಂದೆ. ಇಬ್ಬರೂ ತಲೆ ಎತ್ತಲಿಲ್ಲ. ಊಟದ ಮೇಜು ಈಗ ಟ್ಯಾಂಕಿನದು. ಗೇಣುದ್ದದ ಪ್ಲಾಸ್ಟಿಕ್ ವಿಜಯಂತ, ಸೇನೆಯ ಹಳೇ ಯುದ್ಧ ಟ್ಯಾಂಕಿನ ಮಾಡೆಲ್. ಮಾವ ಏಕಾಂತಪ್ಪನವರು ಆವಡಿ ಕಾರ್ಖಾನೆಯಲ್ಲಿದ್ದಾಗ ಕಟ್ಟಿದ್ದು ಇದೇ ಟ್ಯಾಂಕು, ನಿಜವಾದದ್ದು. ಅವರ ನೆನಪಿಗೆ ನಮ್ಮ ಯಜಮಾನರು ರವಿಶಂಕರ್ ಈ ಮಾಡೆಲ್ ಶುರುಮಾಡಿದರು. ಕಲಿಸಲು ಮಾಡೆಲ್ ಕ್ಲಬ್ಬಿನಿಂದ ಪಾವನಾ. ಉಡುಪಿ ಹೋಟೆಲಿನವರ ಮಗಳು, ಪೆರುಂಗುಡಿಯಲ್ಲಿ ಕೆಲಸ, ಮೂವತ್ತು ದಾಟಿರಬಹುದು. ಭಾನುವಾರವಾದರೆ ಕೀಲ್ಪಾಕಿನ ನಮ್ಮ ಮನೆಗೆ ಹಾಜರು.

ಇವತ್ತು ಹೊಗೆ ಕೊಳವೆಗೆ ಬಣ್ಣದಲ್ಲೇ ತುಕ್ಕು ಹಿಡಿಸುತ್ತಿದ್ದಾರೆ. ಹೊಸದನ್ನು ಹಳೆಯದು ಮಾಡುವುದಕ್ಕೆ ಎಷ್ಟು ಪ್ರೀತಿ... ತಾನಾಗಿ ಹಳೆಯದಾದದ್ದನ್ನು ಯಾರು ನೋಡುತ್ತಾರೆ.

ಸಂಜೆ

ಒಣಗಿದ ಹಸಿರು ಬಣ್ಣ ನೋಡಿ ಇವರು ಅವಳಿಗೆ ಹೇಳಿದರು: "ಬಾಡಿದ ಬಾಳೆ ಎಲೆ ಮೇಲೆ ಧೂಳು ಕೂತಂಗೈತೆ."

ಉಪಮೆ. ಇವರ ಬಾಯಲ್ಲಿ. ಮದುವೆಯಾದಾಗಿನಿಂದ ನಾನು ಓದಿ ಹೇಳಿದ ಕವಿತೆಗಳಿಗೆಲ್ಲ "ಹ್ಞೂಂ, ಚೆನ್ನಾಗೈತೆ" ಬಿಟ್ಟರೆ ಬೇರೆ ಮಾತಿರಲಿಲ್ಲ. ಇಷ್ಟು ವರ್ಷ ಎಲ್ಲಿ ಇಟ್ಟಿದ್ದರು ಇದನ್ನು?

ನವೆಂಬರ್ 15, ಶನಿವಾರ. ಬೆಳಿಗ್ಗೆ

ಮಳೆ. ನಾಳೆ ಕ್ಲಬ್ಬಿನ ಪ್ರದರ್ಶನ, ಇವರ ಮೊದಲನೆಯದು. ಹೊಳಪು ತೆಗೆಯುವ ಮ್ಯಾಟ್ ವಾರ್ನಿಶ್ ಹೊಡೆಯುವುದೊಂದೇ ಬಾಕಿ. ಇವರು ಸ್ನಾನಕ್ಕೆ ಹೋದಾಗ ಪಾವನಾ ನನ್ನ ಫೋನಿಗೆ ಮಾಡಿದಳು.

"ಅಕ್ಕ, ಸರ್ ಫೋನ್ ಎತ್ತುದಿಲ್ಲ ಮಾರಾಯ್ರೆ. ಈ ಮಳೆಗೆ ವಾರ್ನಿಶ್ ಹೊಡೀಬೇಡಿ ಅಂತ ಹೇಳಿ. ಹೊಡಿಲೇಬೇಕಾದ್ರೆ ಎಸಿ ಹಾಕಿ, ರೂಮಿನ ಗಾಳಿ ಒಣಗಿದ ಮೇಲೆ. ಇಲ್ಲಾಂದ್ರೆ ಪೂರಾ ಬೆಳ್ಳಗಾಗ್ತದೆ."

ಹೇಳ್ತೀನಮ್ಮ ಅಂದೆ.

ಇವರು ಬಂದರು. ಮಂಡಕ್ಕಿ ಒಗ್ಗರಣೆ ಕೊಟ್ಟೆ. ಮಿಸ್ಡ್ ಕಾಲ್ ನೋಡಿ, ನಾಳೆ ಎಷ್ಟು ಗಂಟೆಗೆ ಅಂತ ಕೇಳೋಕಿರಬೇಕು ಎಂದು ಫೋನ್ ಕೆಳಗಿಟ್ಟರು. ಸ್ಪ್ರೇ ಡಬ್ಬಿ ಹಿಡಿದು ಬಾಲ್ಕನಿಗೆ ಹೋದರು. ಡಬ್ಬಿಯೊಳಗಿನ ಗುಂಡು ಕಟಕಟ ಅನ್ನುತ್ತಿತ್ತು. ನಾನು ಕವಿತೆ ಪುಸ್ತಕ ತೆರೆದು ಕೂತಿದ್ದೆ. ಪುಟ ತಿರುವಲಿಲ್ಲ.

ಮಧ್ಯಾಹ್ನ

ವಿಭೂತಿ ಬಳಿದ ಹಾಗೆ ಆಗಿದೆ ಇಡೀ ಟ್ಯಾಂಕು. ತುಕ್ಕು, ಧೂಳು, ಆ ಹಸಿರು — ಎಲ್ಲದರ ಮೇಲೂ ಬಿಳಿ. ಇವರು ಅಪ್ಪನ ಫೋಟೋದ ಕಡೆ ಒಂದು ಸಲ ನೋಡಿದರು, ಅಷ್ಟೇ. ಊಟ ಬೇಡವಂತೆ.

ನವೆಂಬರ್ 16, ಭಾನುವಾರ

ಟ್ಯಾಂಕ್ ಒಯ್ಯಲು ಪಾವನಾ ಬಂದಳು. ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಕಾಫಿ ಲೋಟ ಅವಳ ಮುಂದಿಟ್ಟೆ.

"ಹೇಳ್ಲಿಕ್ಕೆ ಮರ್ತೇ ಹೋಯ್ತು ಸರ್. ತಪ್ಪು ನಂದೇ."

ಇವರ ದನಿ ಏರಿತು, ಸಿಟ್ಟಿಗೆ ತಮಿಳೂ ಬೆರೆಯಿತು. "ಇಷ್ಟೆಲ್ಲಾ ಕಲಿಸಿ ಇದೊಂದು ಹೇಳಾಕೆ ಆಗ್ಲಿಲ್ವಾ? ಪೋದುಂ, ಬಿಡಮ್ಮ. ಸಾಕು."

ಕಾಫಿ ಅರ್ಧಕ್ಕೆ ಬಿಟ್ಟು ಹೋದಳು. ಬಾಗಿಲ ಹತ್ತಿರ ನನಗೆ "ಬರ್ತೇನೆ ಅಕ್ಕ" ಎಂದಳು, ಎಂದಿನ ಹಾಗೇ. ಸಿಟ್ಟಾದರೂ ಮಾಡಬಾರದೇ ಹುಡುಗಿ? ದೊಡ್ಡತನವೂ ಅವಳ ಪಾಲಿಗೇ ಹೋಯಿತು.

ನವೆಂಬರ್ 23, ಭಾನುವಾರ

ಯಾರೂ ಬರಲಿಲ್ಲ. ಎರಡೇ ಲೋಟ ಕಾಫಿ. ಬೇಕಾಗಿದ್ದು ಇದೇ ತಾನೇ.

ನವೆಂಬರ್ 29, ಶನಿವಾರ. ಸಂಜೆ

ಮತ್ತೆ ಮಳೆ. ಇವರು ಹೊಸ ಡಬ್ಬಿ ತಂದಿದ್ದಾರೆ. ಇನ್ನೊಂದು ಕೋಟ್ ಬಿದ್ದರೆ ಬಿಳಿ ಹೋಗುತ್ತದೆ ಎಂದು ಎಲ್ಲೋ ಓದಿದರಂತೆ. ಕುರ್ಚಿ ಎಳೆದು, "ಬಾರೇ ಇಲ್ಲಿ, ನೀನೊಂದು ಕಡೆ ಹಿಡ್ಕೊ" ಎಂದರು. ಪಕ್ಕದಲ್ಲಿ ಕೂತೆ. ಮೊಣಕಾಲಿಗೆ ಮೊಣಕಾಲು ತಾಗಿತ್ತು. ಮೇಜಿನ ಈ ಬದಿಯಿಂದ ಟ್ಯಾಂಕನ್ನು ನಾನು ನೋಡಿದ್ದೇ ಇವತ್ತು. ಒಂದೊಂದು ಮೊಳೆ ತಲೆಗೂ ಬೇರೆ ಬೇರೆ ತುಕ್ಕು.

ಡಬ್ಬಿ ಅಲ್ಲಾಡಿಸಿದರು. ಸುಮ್ಮನಿದ್ದರೆ ಇನ್ನೂ ಸ್ವಲ್ಪ ಹೊತ್ತು ಹಾಗೇ ಕೂತಿರಬಹುದಿತ್ತು.

"ಮೊದಲು ಎಸಿ ಹಾಕೋಣ ರೀ. ಗಾಳಿ ಒಣಗಲಿ."

ಅವರ ಬೆರಳು ಡಬ್ಬಿಯ ಮೇಲೆಯೇ ನಿಂತಿತು. "ಯಾರು ಹೇಳಿದ್ರು ನಿನಗೆ?"

ರಿಮೋಟ್ ತರುತ್ತೇನೆ ಎಂದು ರೂಮಿಗೆ ಬಂದೆ. ರಿಮೋಟ್ ಮಡಿಲಲ್ಲೇ ಇದೆ. ಬರೆಯುತ್ತಾ ಕೂತಿದ್ದೇನೆ. ಹೊರಗೆ ಅವರು ಫೋನಿನಲ್ಲಿ. "ಪಾವನಾ, ಒಂದು ಮಾತು ಕೇಳ್ಬೇಕಿತ್ತಮ್ಮ. ಅವತ್ತು ನೀನು ಮನೆಗೆ ಫೋನ್ ಮಾಡಿದ್ಯಾ?"

ಅವಳು ಇಲ್ಲ ಅನ್ನುತ್ತಾಳೆ. ಗೊತ್ತು ನನಗೆ. ಈ ಸಲವೂ ನನ್ನನ್ನು ಉಳಿಸುವುದು ಅವಳೇ ಆಗಬಾರದು. ಅದನ್ನೂ ಅವಳಿಗೆ ಬಿಟ್ಟುಕೊಡಲಾರೆ. ಹೋಗಿ ನಾನೇ—