ಪೋ ನದಿಯಾಚೆಗೆ ಐದು ಪೀಪಾಯಿ

ರೆಜ್ಜೋ
ಫೆಬ್ರವರಿ 12, 1871

ಪ್ರೀತಿಯ ಮಗಳು ಆರ್ಜಿಯಾಳಿಗೆ,

ನೀನು, ಒರೆಸ್ತೆ, ಮಗು ಎಲ್ಲರೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಚಳಿಗಾಲವೆಲ್ಲ ಕಳೆದೆ. ಬೇಜಾರು ಮಾಡಿಕೊಳ್ಳಬೇಡ. ಅಂಚೆಗೆ ಹಾಕಿದರೆ ನಿನಗಿಂತ ಮೊದಲು ಇಲ್ಲಿ ಆಳುವ ಡ್ಯೂಕನ ಪೊಲೀಸರು ಓದುತ್ತಾರೆ. ಜರಡಿ ಮಾರುವ ಬಾರ್ತೋಲೋ ನಿಮ್ಮ ವಿಯಾದಾನಾ ಕಡೆಗೆ ಹೊರಟಿದ್ದಾನೆಂದು ತಿಳಿದು ಈಗ ಬರೆಯಲು ಕೂತಿದ್ದೇನೆ.

ಫ್ರಾನ್ಸಿನ ಚಕ್ರವರ್ತಿಯ ಹೊಸ ವರ್ಷದ ಹೇಳಿಕೆಯನ್ನು ನೀನೂ ಪತ್ರಿಕೆಯಲ್ಲಿ ಓದಿರಬೇಕು. ಇಟಲಿಯ ರಾಜ್ಯಗಳು ಈಗಿರುವಂತೆ ಬೇರೆ ಬೇರೆಯಾಗಿಯೇ ಇರಬೇಕಂತೆ. ಅದನ್ನು ಕಾಯಲು ಅವನ ಸೈನ್ಯ ಇನ್ನೂ ಇಪ್ಪತ್ತು ವರ್ಷ ನಮ್ಮಲ್ಲೇ ಇರುತ್ತದಂತೆ. ಜರ್ಮನರಿಗೂ ಇದೇ ಬುದ್ಧಿ ಹೇಳಿದ್ದಾನೆ. ನಮ್ಮ ಕ್ಷೌರಿಕ ಫುಲ್ಜೆಂಜೋ ಮೊನ್ನೆ ನನ್ನ ಕೆನ್ನೆಗೆ ಸೋಪು ಹಚ್ಚುತ್ತಾ, "ಅವನ ಕಷ್ಟ ನಮಗೇನು ಗೊತ್ತು ಯಜಮಾನ್ರೇ? ಬೇಲಿ ಆಚೆ ನಾಲ್ಕು ಕುರಿ ಇದ್ರೆ ನಿದ್ದೆ ಬರುತ್ತೆ. ನಾಲ್ಕೂ ಸೇರಿ ಒಂದು ಗೂಳಿ ಆದ್ರೆ ಬರುತ್ತಾ?" ಅಂದ. ಪಕ್ಕದ ಕುರ್ಚಿಯಲ್ಲಿ ಫ್ರೆಂಚ್ ಹವಾಲ್ದಾರನೊಬ್ಬ ಕೂತಿದ್ದ. ಭಾಷೆ ಅರ್ಥವಾಗದೆ ಅವನೂ ನಕ್ಕ.

ನನಗೆ ನಗು ಬರಲಿಲ್ಲ. ಹನ್ನೆರಡು ವರ್ಷದ ಹಿಂದೆ ನಾವು ಡ್ಯೂಕನನ್ನು ಓಡಿಸಿ, ಇಟಲಿಯನ್ನೆಲ್ಲ ಒಂದು ಮಾಡಲು ಹೊರಟಿದ್ದ ತುರಿನ್ನಿನ ರಾಜನ ಜೊತೆ ಸೇರುತ್ತೇವೆಂದು ಚೌಕದಲ್ಲಿ ಕುಣಿದೆವು. ಇದೇ ಚಕ್ರವರ್ತಿ ಪಡೆ ಕಳಿಸಿ ಡ್ಯೂಕನನ್ನು ತಂದು ಮತ್ತೆ ಕೂರಿಸಿದ. ಒರೆಸ್ತೆ ಬಂದೂಕು ಹಿಡಿದಿದ್ದ, ನೀನು ಒರೆಸ್ತೆಯ ಕೈ ಹಿಡಿದಿದ್ದೆ. ಇಬ್ಬರೂ ನದಿ ದಾಟಿ ತುರಿನ್ನಿನ ಸೀಮೆ ಸೇರಿದಿರಿ. ವರ್ಷವರ್ಷವೂ ಕ್ಷಮೆ ಸಿಗುತ್ತದೆಂದು ಕಾದೆವು. ಹೋದ ತಿಂಗಳು ಡ್ಯೂಕನ ಆಜ್ಞೆ ಬಂತು: ಆಗ ಹೋದವರಿಗೂ ಅವರ ಹೆಂಡಿರಿಗೂ ಈ ರಾಜ್ಯದೊಳಗೆ ಇನ್ನು ಕಾಲಿಡುವ ಹಾಗಿಲ್ಲ. ಸುಂಕ ಕಟ್ಟಿದರೆ ಸಾಮಾನು ಮಾತ್ರ ದಾಟಬಹುದು.

ಅದಕ್ಕೇ ನಿನ್ನ ಪೀಪಾಯಿಗಳನ್ನು ಕಳಿಸಲು ನಿರ್ಧರಿಸಿದೆ.

ನೀನು ಹುಟ್ಟಿದ ವರ್ಷ ದ್ರಾಕ್ಷಿರಸ ಕಾಯಿಸಿ, ಹೆಣ್ಣು ಮಗು ಹುಟ್ಟಿದ ಎಲ್ಲರ ಮನೆಯಂತೆ ನಾನೂ ಅಟ್ಟದಲ್ಲಿ ಐದು ಪೀಪಾಯಿಗಳಲ್ಲಿ ನಿನ್ನ ಹೆಸರಿಗೆ ವಿನೆಗರ್ ಇಟ್ಟೆ. ಮದುವೆಯ ಗಾಡಿಯಲ್ಲಿ ನಿನ್ನ ಜೊತೆ ಹೋಗಬೇಕಾದದ್ದು ಅದು. ನಿನಗೆ ಗಾಡಿಯೂ ಇರಲಿಲ್ಲ, ದಿಬ್ಬಣವೂ ಇರಲಿಲ್ಲ. ಪ್ರತಿ ಚಳಿಗಾಲದಲ್ಲೂ ನಾನೂ ನಿನ್ನಮ್ಮನೂ ಅಟ್ಟ ಹತ್ತಿ, ದೊಡ್ಡದರಿಂದ ಚಿಕ್ಕದಕ್ಕೆ ತುಂಬಿಸುತ್ತಾ ಬಂದೆವು. ಒಂದು ಚಮಚವನ್ನೂ ಮಾರಲಿಲ್ಲ. ಪಾದ್ರಿಗಳು ಕೇಳಿದಾಗಲೂ ನಿನ್ನಮ್ಮ, "ಅದು ಆರ್ಜಿಯಾದು, ನಿಮಗೆ ಬೇಕಾದ್ರೆ ನಮ್ಮದ್ರಲ್ಲಿ ಕೊಡ್ತೀನಿ" ಅಂದುಬಿಟ್ಟಳು.

ಕಳಿಸುವ ಮಾತೆತ್ತಿದಾಗ ಮನೆಯಲ್ಲಿ ದೊಡ್ಡ ಜಗಳವೇ ಆಯಿತು.

"ಅವು ಇಲ್ಲಿದ್ರೆ ತಾನೇ ಅವಳು ಬರೋದು?" ಅಂದಳು ನಿನ್ನಮ್ಮ.

"ಪೀಪಾಯಿಗೋಸ್ಕರ ಬರ್ತಾಳೇನೇ ಅವಳು? ಬಿಟ್ಟರೆ ಬರ್ತಾಳೆ. ಬಿಡಲ್ವಲ್ಲ."

"ನಿಮಗೆ ಹೇಳಿದ್ದು ಯಾರು, ಆ ಚಕ್ರವರ್ತಿ ಸಾಯೋದೇ ಇಲ್ಲ ಅಂತ?"

"ಅವನಿಗಿಂತ ಮೊದಲು ನಾವು ಹೋದ್ರೆ? ಅಟ್ಟದಲ್ಲಿ ಯಾರು ನೋಡ್ಕೋತಾರೆ, ಇಲಿಗಳಾ?"

ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಊಟಕ್ಕೆ ಬಡಿಸುತ್ತಾ, "ನದಿ ತನಕ ನಾನೂ ಬರ್ತೀನಿ. ಇಲ್ಲಾಂದ್ರೆ ಒಂದು ಪೀಪಾಯಿನೂ ಮೆಟ್ಟಿಲು ಇಳಿಯಲ್ಲ" ಅಂದಳು. ಒಪ್ಪಿಕೊಂಡೆ.

ಸಂತ ಜೋಸೆಫನ ಹಬ್ಬದ ಮರುದಿನ, ಮಾರ್ಚ್ 20ರ ಬೆಳಿಗ್ಗೆ, ನದಿಯ ಈಚೆ ಬ್ರೆಶೆಲ್ಲೋ ದಡಕ್ಕೆ ಬರುತ್ತೇವೆ. ದೋಣಿಯವನು ನಿಮ್ಮ ದಡಕ್ಕೆ ಮುಟ್ಟಿಸುತ್ತಾನೆ. ಒರೆಸ್ತೆಗೆ ಹೇಳು, ನೆಲಮಾಳಿಗೆಯಲ್ಲಿ ಇಡಬಾರದು. ಬೇಸಿಗೆಯ ಬಿಸಿಯೂ ಚಳಿಗಾಲದ ಚಳಿಯೂ ಎರಡೂ ತಾಗಬೇಕು. ಸೂರಿನ ಕೆಳಗೆ ಇಡಲಿ. ಬಾಯಿತನಕ ತುಂಬಬಾರದು. ಬಾಯಿಗೆ ಮುಚ್ಚಿದ ಬಟ್ಟೆಯನ್ನು ಆಗಾಗ ಒಗೆದು ಹಾಕು. ಹಿಪ್ಪುನೇರಳೆ ಮರದ ಪೀಪಾಯಿ ಸ್ವಲ್ಪ ಸೋರುತ್ತದೆ, ಗಾಬರಿಯಾಗಬೇಡ, ಮೊದಲಿನಿಂದಲೂ ಅದರ ಬುದ್ಧಿಯೇ ಹಾಗೆ. ನಿನ್ನ ಮಗಳ ಹೆಸರಿಗೆ ಇನ್ನೂ ಏನೂ ಇಟ್ಟಿಲ್ಲ ಎಂದು ಬರೆದಿದ್ದೀ. ಈ ಸುಗ್ಗಿಯಲ್ಲಿ ಇಡು. ಹೆಪ್ಪು ಹಾಕಿದಂತೆ ನಿನ್ನದರಿಂದ ಸ್ವಲ್ಪ ಅದಕ್ಕೆ ಹಾಕಿದರೆ ಬೇಗ ಹಿಡಿಯುತ್ತದೆ.

ಅಟ್ಟಕ್ಕೆ ಹೋದಾಗಲೆಲ್ಲ ನಿನ್ನ ಜೊತೆ ಒಂದೆರಡು ಮಾತಾಡಿ ಬರುವುದು ನನಗೆ ಅಭ್ಯಾಸವಾಗಿದೆ. ಇನ್ನು ಅದನ್ನು ಬಿಡಬೇಕು.

ದೇವರು ನಿಮ್ಮ ಮೂವರನ್ನೂ ಕಾಪಾಡಲಿ. ನಿನ್ನ ಮನೆಯಲ್ಲಿ ಯಾವತ್ತೂ ಒಲೆ ಆರದಿರಲಿ. ಮಗುವಿನ ಹಣೆಗೆ ನನ್ನದೊಂದು ಮುತ್ತು.

ನಿನ್ನ ಅಪ್ಪ,
ಎವಾರಿಸ್ತೋ

ಮರೆತ ಮಾತು: ನಿನ್ನಮ್ಮ ಈಗ ನೀರು ತರಲು ಬಾವಿಗೆ ಹೋಗಿದ್ದಾಳೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ; ಅವಳಿದ್ದರೆ ಬರೆದದ್ದನ್ನೆಲ್ಲ ಓದಿ ಹೇಳಬೇಕು. ಗೋಡೆ ಹಿಡಿದುಕೊಂಡು ಹೋಗಿದ್ದಾಳೆ. ಎರಡು ವರ್ಷದಿಂದ ಅವಳ ಕಣ್ಣಿಗೆ ಪೊರೆ ಬಂದಿದೆ. ಈಗ ಬೆಳಕು, ನೆರಳು ಬಿಟ್ಟರೆ ಏನೂ ಕಾಣುವುದಿಲ್ಲ. ನಿನಗೆ ತಿಳಿಸಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ. ಆ ದಿನ ನೀನು ಮಗುವನ್ನು ಎತ್ತಿಕೊಂಡು ಆಚೆ ದಡದಲ್ಲಿ ನಿಲ್ಲಬೇಕಂತೆ, ತಾನು ಕಣ್ತುಂಬ ನೋಡಬೇಕಂತೆ. ಹಾಗೇ ಬರೆಯಲು ಹೇಳಿದ್ದಾಳೆ. ನೀನು ಎಲ್ಲಿ ನಿಂತಿದ್ದೀ, ಏನು ಉಟ್ಟಿದ್ದೀ, ಮಗು ಯಾರ ಹಾಗಿದೆ ಎಂದು ಅವಳಿಗೆ ನಾನೇ ಹೇಳಬೇಕು. ನೀನು ಬರದಿದ್ದರೂ ನಾನು ಹೇಳಬಲ್ಲೆ, ಅವಳು ನಂಬುತ್ತಾಳೆ. ಆ ಕೆಲಸ ನನ್ನಿಂದ ಮಾಡಿಸಬೇಡ, ಮಗಳೇ. ಬಾ.